ಬಣ್ಣದ ನೆರೆಹೊರೆ

ಪ್ಯಾರಿಸಿನಲ್ಲಿ ಗೋಬ್ಲಾಂ ಎಂಬ ರಾಜಾಶ್ರಯದ ಚಿತ್ರವಸ್ತ್ರಶಾಲೆಗೆ 1824ರಲ್ಲಿ ಬಣ್ಣದ ವಿಭಾಗದ ನಿರ್ದೇಶಕನಾಗಿ ಬಂದ ರಸಾಯನವೇತ್ತ ಮಿಷೆಲ್ ಷೆವ್ರಲನ ಮುಂದೆ ಒಂದು ದೂರು ಬಂದಿತು: ನೀಲಿ, ನೇರಿಳೆ ಉಡುಪುಗಳ ಮಡಿಕೆಗಳಲ್ಲಿ ನೆರಳು ತೋರಿಸಲೆಂದು ನೇಯುವ ಕಪ್ಪುನೂಲಿಗೆ ಕಸುವು ಸಾಲದು ಎಂದು. ಬೇರೆಡೆಯ ಉತ್ತಮ ಕಪ್ಪು ಉಣ್ಣೆಗಳೊಡನೆ ಅದನ್ನು ಹೋಲಿಸಿ ನೋಡಿದ ಷೆವ್ರಲನಿಗೆ ನೂಲಿನಲ್ಲಿ ಕೊರತೆಯೇನೂ ಕಾಣಲಿಲ್ಲ. ಕಪ್ಪನ್ನು ಮಂಕಾಗಿಸುತ್ತಿದ್ದುದು ಅದರ ಮಗ್ಗುಲಲ್ಲಿದ್ದ ನೀಲಿಯೇ ಎಂಬುದು ಅವನಿಗೆ ಹೊಳೆಯಿತು. ಈ ಎಳೆಯನ್ನು ಹಿಡಿದು ಅವನು ವರ್ಷಗಟ್ಟಲೆ ನಡೆಸಿದ ಪರೀಕ್ಷೆಗಳ ಫಲವಾಗಿ 1839ರಲ್ಲಿ ಪ್ರಕಟವಾದ ವರ್ಣವೈದೃಶ್ಯದ ಗ್ರಂಥವು ಮುಂದೆ ಚಿತ್ರಕಾರರ ಕೈಸೇರಿ ಪ್ರಸಿದ್ಧವಾಯಿತಾದರೂ, ಅದು ಹುಟ್ಟಿದ್ದು ನೂಲಿನ ಲಡಿಗಳ ನಡುವೆ ಎಂಬುದನ್ನು ಮರೆಯಲಾಗದು. ಬಟ್ಟೆಯ ಬಣ್ಣವು ನೂಲಿನೊಡನೆ, ನೀರಿನೊಡನೆ, ಪಕ್ಕದ ತುಂಡಿನೊಡನೆ ಸಂಸಾರ ಹೂಡಿಯೇ ಬಾಳತಕ್ಕುದು. ಕೈಯಿಂದ ಅದ್ದಿ, ಪದರಗಳನ್ನು ಕೂಡಿಸಿ ಹೊಲಿಯುವ ಕಲೆಯ ಚರಿತ್ರೆಯನ್ನು ನಾನು ಈ ನೆಲೆಯಿಂದಲೇ ಓದಿಕೊಂಡಿದ್ದೇನೆ.

ಬಣ್ಣವು ಒಂಟಿಯಾಗಿ ಬಾಳದೆಂಬುದನ್ನು ಬಣ್ಣಗಾರರು ಬಹು ಹಿಂದೆಯೇ ತಮ್ಮ ಬಾನಿಗಳಲ್ಲಿ ಕಂಡುಕೊಂಡಿದ್ದರು. ಮೊಹೆಂಜೊದಾರೊದಲ್ಲಿ ಬೆಳ್ಳಿಯ ಪಾತ್ರೆಯೊಂದಕ್ಕೆ ಅಂಟಿಕೊಂಡು ಉಳಿದ, 4000 ವರ್ಷಗಳಿಗೂ ಹಿಂದಿನ ಹತ್ತಿಬಟ್ಟೆಯ ಚೂರಿನಲ್ಲಿ ಮಂಜಿಷ್ಠದ ಜಾತಿಯ ಬೇರಿನ ಬಣ್ಣವಿದೆ. ಆ ಬೇರಿನ ಕೆಂಪು ಹತ್ತಿಗೆ ತಾನಾಗಿ ಹತ್ತುವಂಥದಲ್ಲ. ಪಟಿಕದಂತಹ ಲವಣವೊಂದು ನಡುವೆ ಬಂಧಕವಾಗಿ ನಿಂತು ಎರಡನ್ನೂ ಬೆಸೆಯಬೇಕು. ಬಂಧಕವು ಪಟಿಕವಾದರೆ ಕೆಂಪು, ಕಬ್ಬಿಣವಾದರೆ ಕಪ್ಪುನೇರಿಳೆ. ಬಾನಿ ಮಾತ್ರ ಒಂದೇ. ಈಜಿಪ್ತಿನವರು ಬಟ್ಟೆಯ ಮೇಲೆ ಬಣ್ಣವಿಲ್ಲದ ದ್ರವ್ಯಗಳನ್ನು ಬಳಿದು ಒಂದೇ ಕಡಾಯಿಯಲ್ಲಿ ಅದ್ದಿ ಹಲವು ಬಣ್ಣಗಳನ್ನು ಹೊರತೆಗೆಯುತ್ತಿದ್ದರೆಂದು ಒಂದನೆಯ ಶತಮಾನದಲ್ಲಿ ರೋಮಿನ ಪ್ಲಿನಿ ಬೆರಗಿನಿಂದ ಬರೆದಿಟ್ಟಿರುವುದೂ ಈ ವಿದ್ಯೆಯನ್ನೇ. ಕಚ್ಛದ ಅಜ್ರಖ್ ಬಟ್ಟೆಯೂ ಕಾಳಹಸ್ತಿಯ ಕಲಂಕಾರಿಯೂ ಇದೇ ಮನೆತನಕ್ಕೆ ಸೇರಿದವು. ಅಳಲೆಕಾಯಿಯ ರಸ ಕುಡಿದ ಬಟ್ಟೆಯ ಮೇಲೆ ತುಕ್ಕುಕಬ್ಬಿಣವನ್ನೂ ಬೆಲ್ಲವನ್ನೂ ಹುದುಗಿಸಿದ ನೀರಿನಿಂದ ಎಳೆದ ಪೇಲವವಾದ ಗೆರೆಯು ನೋಡುನೋಡುತ್ತಿರುವಂತೆಯೇ ಕಪ್ಪಾಗುವುದನ್ನು ಒಮ್ಮೆ ಕಂಡವರು, ಬಣ್ಣವನ್ನು ಇನ್ನೆಂದಿಗೂ ಬರಿಯ ಲೇಪವೆಂದು ಭಾವಿಸಲಾರರು.

ನೀಲಿಯ ರೀತಿಯೇ ಬೇರೆ. ನೀರಿನಲ್ಲಿ ಕರಗದ ಆ ದ್ರವ್ಯವನ್ನು ಕ್ಷಾರದ ಬಾನಿಯಲ್ಲಿ ಹುಳಿಯಿಸಿ, ಬಾನಿಯ ಆಮ್ಲಜನಕವನ್ನು ಕಸಿದುಕೊಂಡ ಮೇಲಷ್ಟೇ ಅದು ಕರಗಿ ನೂಲಿನೊಳಕ್ಕೆ ಇಳಿಯುವುದು. ಬಾನಿಯಿಂದ ಮೇಲಕ್ಕೆತ್ತಿದ ಬಟ್ಟೆ ಮೊದಲು ಹಳದಿಹಸುರು; ಗಾಳಿ ಸೋಕಿದೊಡನೆ ಅಂಚಿನಿಂದ ಹಸುರು ಕಂದುತ್ತ, ಮಡಿಕೆಗಳೊಳಗೆ ಕೊಂಚ ತಡೆದು ನಿಂತು, ಕಡೆಗೆ ಇಡಿಯ ಬಟ್ಟೆ ನೀಲಿಯಾಗುತ್ತದೆ. ಗಾಢತೆ ಬೇಕಾದವರು ಮತ್ತೆ ಮತ್ತೆ ಅದ್ದಿ ಒಣಗಿಸಬೇಕು. ಪದರಗಳ ಕಲೆಯು ಸೂಜಿ ಬರುವುದಕ್ಕೆ ಮೊದಲೇ ಬಾನಿಯಲ್ಲಿ ಆರಂಭವಾಗಿರುತ್ತದೆ.

1856ರಲ್ಲಿ ಕ್ವಿನೈನನ್ನು ಕೃತಕವಾಗಿ ತಯಾರಿಸಹೊರಟ ಹದಿನೆಂಟು ವರ್ಷದ ವಿಲಿಯಂ ಪರ್ಕಿನ್ನನ ಪಾತ್ರೆಯಲ್ಲಿ ನೇರಿಳೆ ಬಣ್ಣ ಕಾಣಿಸಿದ ತರುವಾಯ ಕತೆಯು ವೇಗವಾಗಿ ಓಡುತ್ತದೆ: 1868ರಲ್ಲಿ ಮಂಜಿಷ್ಠದ ಜಾತಿಯ ಬೇರಿನ ಕೆಂಪು ಪ್ರಯೋಗಶಾಲೆಯಲ್ಲಿ ಸಿದ್ಧವಾಯಿತು, 1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂದಿತು, ಊರೂರಿನ ಬಾನಿಗಳು ಬತ್ತಿದವು. ಇಂಗ್ಲೆಂಡಿನ ಲೀಕ್ ಪಟ್ಟಣದಲ್ಲಿ ವಿನ್ಯಾಸಕಾರ ವಿಲಿಯಂ ಮಾರಿಸನು ಬಣ್ಣಗಾರ ಥಾಮಸ್ ವಾರ್ಡಲ್‌ನೊಡನೆ ಸೇರಿ ಹಳೆಯ ಸಸ್ಯವರ್ಣಗಳನ್ನು ಮರಳಿ ಕಲಿತದ್ದೂ, ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಸ್ವಾತಂತ್ರ್ಯಾನಂತರ ಕಾಳಹಸ್ತಿಯ ಕಲಂಕಾರಿಗೆ ಜೀವ ತುಂಬಲು ಶ್ರಮಿಸಿದ್ದೂ ಈ ಪ್ರವಾಹಕ್ಕೆ ಎದುರೀಜಿದ ಸಾಹಸಗಳು.

ಅತ್ತ ಶಾಸ್ತ್ರವೂ ಉದ್ಯಮವೂ ಹೀಗೆ ಬೆಳೆಯುತ್ತಿರಲು, ಇತ್ತ ಬಡವರ ಮನೆಗಳಲ್ಲಿ ಹಳೆಯ ಬಟ್ಟೆಯ ಮೇಲೆ ಹಳೆಯ ಬಟ್ಟೆ ಕೂಡಿಕೊಳ್ಳುತ್ತಿತ್ತು. ಹತ್ತಿ ಬೆಳೆಯದ ಜಪಾನಿನ ಶೀತಲವಾದ ಈಶಾನ್ಯ ಪ್ರಾಂತದಲ್ಲಿ ನೀಲಿಯ ಚಿಂದಿಗಳನ್ನು ತಲೆಮಾರುಗಳವರೆಗೆ ತೇಪೆಯ ಮೇಲೆ ತೇಪೆ ಹಾಕಿ ಉಟ್ಟುದರಿಂದ, ಒಂದೇ ಅಂಗಿಯಲ್ಲಿ ನೀಲಿಯ ಎಲ್ಲ ವಯಸ್ಸುಗಳೂ ನೆಲಸಿದವು. ಪನಾಮದ ಗುಣಾ ಸ್ತ್ರೀಯರು ಮೇಲಿನ ಬಟ್ಟೆಯನ್ನು ಕತ್ತರಿಸಿ ಕೆಳಗಿನ ಬಣ್ಣವನ್ನು ಹೊರಗೆಡಹುತ್ತಾರೆ. ನಮ್ಮ ಉತ್ತರ ಕರ್ನಾಟಕದ ಕೌದಿಯಲ್ಲಂತೂ ಇಳಕಲ್ ಸೀರೆಯ ಮಾಸಿದ ಕೆಂಪು ಸೆರಗು, ಧೋತರದ ಬಿಳುಪು, ಮಗುವಿನ ಕುಲಾವಿಯ ಹಸುರು ಒಂದರ ಪಕ್ಕದಲ್ಲೊಂದು ಮಲಗಿರುತ್ತವೆ. ಸವೆದ ಕಡೆಯಲ್ಲಿ ಒಳಗಿನ ಪದರದ ಬಣ್ಣ ಇಣುಕುತ್ತದೆ.

ಇಂತಹ ಹೊದಿಕೆಗಳನ್ನು ಗೋಡೆಯ ಮೇಲೆ ತೂಗುಹಾಕಿ ಚಿತ್ರದಂತೆ ನೋಡಬಹುದೆಂಬ ಅರಿವಿಗೆ 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿ ನಡೆದ ಅಮೆರಿಕನ್ ಕ್ವಿಲ್ಟುಗಳ ಪ್ರದರ್ಶನವು ದೊಡ್ಡ ಒತ್ತಾಸೆಯಾಯಿತು. 1979ರಲ್ಲಿ ಒಹಾಯೊ ಪ್ರಾಂತದ ಅಥೆನ್ಸಿನಲ್ಲಿ ಕ್ವಿಲ್ಟ್ ನ್ಯಾಷನಲ್ ಎಂಬ ಪ್ರದರ್ಶನ ಮೊದಲಾಯಿತು. ಕಲಾವಿದರ ಕೈಗೆ ಬೇಕಾದ ಬಣ್ಣ ಅಷ್ಟರಲ್ಲಿ ಸಿದ್ಧವಾಗಿತ್ತು. ಪರ್ಕಿನ್ನನ ನೇರಿಳೆಗೆ ಸರಿಯಾಗಿ ನೂರು ವರ್ಷ ತುಂಬಿದ 1956ರಲ್ಲಿ ಇಂಗ್ಲೆಂಡಿನ ಐಸಿಐ ಸಂಸ್ಥೆ ಮಾರಾಟಕ್ಕೆ ತಂದ ಪ್ರೋಸಿಯನ್ ಬಣ್ಣಗಳು, ವಾಷಿಂಗ್ ಸೋಡಾ ಬೆರೆತ ತಣ್ಣೀರಿನಲ್ಲಿಯೇ ಹತ್ತಿಯ ಅಣುವಿನೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತವೆ. ಒಲೆಯೂ ಬೇಡ, ಕಡಾಯಿಯೂ ಬೇಡ. ಒಂದು ಡಬ್ಬಿಯ ಬಣ್ಣಕ್ಕೆ ಅರ್ಧದಷ್ಟು ಮುಂದಿನ ಡಬ್ಬಿಯಲ್ಲಿ, ಅದರರ್ಧ ಅದರ ಮುಂದಿನದರಲ್ಲಿ, ಹೀಗೆ ಎಂಟು ಮೆಟ್ಟಿಲಿಳಿಸಿ ಅದ್ದಿದ ಪಟ್ಟಿಗಳನ್ನು ಸಾಲಾಗಿ ಹೊಲಿದು ನೋಡಿದರೆ, ಪ್ರತಿಯೊಂದು ಪಟ್ಟಿಯೂ ಸಮನಾದ ಬಣ್ಣದ್ದಾಗಿದ್ದರೂ ಗಾಢವಾದ ನೆರೆಯ ಕಡೆಗೆ ಬೆಳ್ಳಗಾಗಿಯೂ ತೆಳುವಾದ ನೆರೆಯ ಕಡೆಗೆ ಕಪ್ಪಾಗಿಯೂ ಕಂಡು, ಬಟ್ಟೆಯೆಲ್ಲ ಕಂಬದ ಗೀರುಗಳಂತೆ ಉಬ್ಬಿತಗ್ಗಿದಂತಾಗುತ್ತದೆ. ಈ ಭ್ರಮೆಗೆ ಇಂದಿಗೂ ಷೆವ್ರಲನ ಹೆಸರೇ ಇದೆ. ನ್ಯಾನ್ಸಿ ಕ್ರೋ, ಜ್ಯಾನ್ ಮೈಯರ್ಸ್-ನ್ಯೂಬರಿ ಮೊದಲಾದವರು ತಾವೇ ಅದ್ದಿದ ಬಟ್ಟೆಗಳಿಂದ ಇಂತಹ ವರ್ಣಸಂಬಂಧಗಳನ್ನು ದಶಕಗಳ ಕಾಲ ಅಭ್ಯಸಿಸಿದ್ದಾರೆ.

ಆದರೂ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದಿರುವುದು ಕಾಲವೇ ಅದ್ದಿ ತೆಗೆದ ಬಟ್ಟೆ. ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯಲ್ಲಿ ಮಿಸ್ಸೂರಿ ಪೆಟ್ವೇ ಎಂಬಾಕೆ 1942ರಲ್ಲಿ, ತೀರಿಕೊಂಡ ಗಂಡನ ಕೆಲಸದ ಬಟ್ಟೆಗಳನ್ನು ಬಿಚ್ಚಿ ಹೊಲಿದ ಹೊದಿಕೆಯ ಬಣ್ಣಗಳನ್ನು ಬೆವರು, ಬಿಸಿಲು, ಒಗೆತಗಳೇ ಹದಗೊಳಿಸಿದ್ದವು. ಉತ್ತರ ಕನ್ನಡದ ಕಾಡಂಚಿನ ಸಿದ್ದಿ ಹೆಂಗಸರ ಕೌದಿಯೂ ಇಂಥದೇ. ಅವರು ಹೊರ ಅಂಚಿನಿಂದ ಹೊಲಿಗೆ ಹಿಡಿದು, ತುಂಡಿಗೆ ತುಂಡು ಒತ್ತಿಸುತ್ತ, ಸುತ್ತು ಸುತ್ತಾಗಿ ಒಳಕ್ಕೆ ಸಾಗುತ್ತಾರೆ. ನಡುವೆ ಅಂಗೈಯಗಲದ ಜಾಗ ಉಳಿದಾಗ, ಗಂಟಿನಲ್ಲಿರುವ ಚೂರುಗಳನ್ನು ಒಂದೊಂದಾಗಿ ಅಲ್ಲಿಟ್ಟು, ಸುತ್ತಲಿನವುಗಳೊಡನೆ ಕೂಡಿಸಿ ನೋಡಿ, ತೆಗೆದು, ಮತ್ತೊಂದನ್ನಿಟ್ಟು ನೋಡುತ್ತಾರೆ.