ಇಪ್ಪತ್ತೆಂಟು ಮೂಲೆಯ ಊರು

ನಾವು ಕೇರಿಯವರು. ಊರು ಎಲ್ಲಿ ಮುಗಿಯುತ್ತೆ, ಕೇರಿ ಎಲ್ಲಿ ಸುರುವಾಗುತ್ತೆ ಅನ್ನೋದನ್ನ ನಮಗೆ ಯಾವ ನಕ್ಷೆಯೂ ಕಲಿಸಬೇಕಾಗಿಲ್ಲ. ನಡೆಯೋದು ಕಲಿತಾಗಲೇ ನಮ್ಮ ಕಾಲಿಗೆ ಆ ಗೆರೆ ಗೊತ್ತಾಗಿತ್ತು. ಆದರೆ ಊರೊಳಗೇ ಬಾಳಿದವರನ್ನು, ಅವರ ಮನೆ ಕದಲಿಸದೆ, ಬರೀ ಒಂದು ಕಾಯಿದೆಯಿಂದ ಊರಾಚೆ ಮಾಡಿದ ಕಥೆ ಅಮೆರಿಕದ ಅಲಬಾಮಾ ರಾಜ್ಯದಲ್ಲಿದೆ. ಆ ರಾಜ್ಯ ನಮಗೆ ಪರಕೀಯವೇನಲ್ಲ. ಕಪ್ಪು ಚಿರತೆ ಹೋರಾಟದ ಗುರುತಾದದ್ದು 1966ರಲ್ಲಿ ಅಲ್ಲಿನ ಲೌಂಡ್ಸ್ ಕೌಂಟಿಯಲ್ಲಿ. ಅದೇ ಚಿರತೆ 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ ಆಗಿ ಗರ್ಜಿಸಿತು.

ಆ ರಾಜ್ಯದ ಟಸ್ಕೆಗೀ ಸಣ್ಣ ಪಟ್ಟಣ. ಗುಲಾಮಗಿರಿಯಲ್ಲಿ ಹುಟ್ಟಿದ ಬೂಕರ್ ಟಿ. ವಾಷಿಂಗ್ಟನ್ 1881ರಲ್ಲಿ ಕಪ್ಪು ಜನರ ಶಾಲೆ ಕಟ್ಟಿದ್ದು ಇಲ್ಲೇ. ಊರಲ್ಲಿ ಕಪ್ಪು ಜನರೇ ಬಹುಸಂಖ್ಯಾತರು, ಆಡಳಿತ ಮಾತ್ರ ಬಿಳಿಯರದು. ಹೇಗೆ? ಮತದಾರರ ಪಟ್ಟಿಗೆ ಹೆಸರು ಸೇರಿಸೋ ಅಧಿಕಾರಿಗಳು ಓದು-ಬರಹದ ಪರೀಕ್ಷೆ ಒಡ್ಡಿ ಕಾಲೇಜು ಅಧ್ಯಾಪಕರನ್ನೂ ನಪಾಸು ಮಾಡುತ್ತಿದ್ದರು! ಇಷ್ಟಾದರೂ 1957ರ ಹೊತ್ತಿಗೆ ಸುಮಾರು 400 ಕಪ್ಪು ಮತದಾರರು ಪಟ್ಟಿ ಸೇರಿದ್ದರು. ಬಿಳಿಯರಿಗೆ ಕುರ್ಚಿಯ ಕಾಲು ಅಲುಗಿದಂತಾಯಿತು.

ಸೆನೆಟರ್ ಸ್ಯಾಮ್ ಎಂಗಲ್‌ಹಾರ್ಟ್ ಮಸೂದೆ ತಂದ. ಶಾಸನಸಭೆ ಪಾಸು ಮಾಡಿತು. ಚೌಕಾಕಾರದ ಊರು 28 ಬದಿಗಳ ಒಂದು ವಿಕಾರ ಆಕೃತಿಯಾಯಿತು. 400 ಕಪ್ಪು ಮತದಾರರಲ್ಲಿ ಒಳಗುಳಿದವರು ನಾಲ್ಕೋ ಐದೋ ಜನ. ಹೊರಬಿದ್ದ ಬಿಳಿಯ ಮತದಾರ ಒಬ್ಬನೂ ಇಲ್ಲ. ಊರಿಗೆ ಹೆಸರು ತಂದ ಆ ವಿದ್ಯಾಸಂಸ್ಥೆಯೂ ಊರಾಚೆ!

ಕಪ್ಪು ಜನ ಸುಮ್ಮನೆ ಕೂರಲಿಲ್ಲ. 1957ರ ಜೂನ್ 25ರಂದು ಬಟ್ಲರ್ ಚಾಪೆಲ್ ಚರ್ಚಿನಲ್ಲಿ ಸಾವಿರಾರು ಜನ ಸೇರಿದರು. ಸಮಾಜಶಾಸ್ತ್ರದ ಮೇಷ್ಟ್ರು ಚಾರ್ಲ್ಸ್ ಗೊಮಿಲಿಯನ್ ಮುಂದೆ ನಿಂತರು. ಬಿಳಿಯರ ಅಂಗಡಿಗಳಲ್ಲಿ ಕೊಳ್ಳೋದನ್ನ ಜನ ನಿಲ್ಲಿಸಿದರು. ಬಹಿಷ್ಕಾರ ಅಂದರೆ ಅಲ್ಲಿ ಅಪರಾಧ. ಅದಕ್ಕೇ ಆ ಮಾತನ್ನೇ ಎತ್ತಲಿಲ್ಲ. ನಮಗೆ ಒಳ್ಳೇದು ಮಾಡೋರ ಹತ್ರ ಮಾತ್ರ ವ್ಯಾಪಾರ, ಅಷ್ಟೇ ಅಂದರು. ಹಲವು ಅಂಗಡಿಗಳ ಬಾಗಿಲು ಮುಚ್ಚಿತು. ಗೆಳೆಯರೇ, ನಮ್ಮ ಹಳ್ಳಿಗಳಲ್ಲಿ ಬಹಿಷ್ಕಾರ ಯಾರ ಮೇಲೆ ಬೀಳುತ್ತೆ? ಕೂಲಿಯಿಲ್ಲ, ನೀರಿಲ್ಲ, ಅಂಗಡೀಲಿ ಸಾಮಾನಿಲ್ಲ ಅಂತ ಕೇರಿಯ ಮೇಲೆ ತಾನೆ? ಟಸ್ಕೆಗೀಯ ಜನ ಆ ಕತ್ತಿಯ ಹಿಡಿಯನ್ನು ತಮ್ಮ ಕೈಗೆ ತಗೊಂಡರು.

ಕೋರ್ಟಿನ ದಾರಿಯನ್ನೂ ಬಿಡಲಿಲ್ಲ. ಕೆಳಗಿನ ಎರಡು ಕೋರ್ಟುಗಳಲ್ಲಿ ಸೋತರು. ಸುಪ್ರೀಂ ಕೋರ್ಟಿನಲ್ಲಿ ವಾದಿಸಿದವರಲ್ಲಿ ಒಬ್ಬ ಫ್ರೆಡ್ ಗ್ರೇ. ಇನ್ನೂ ಮೂವತ್ತು ತುಂಬದ ಕಪ್ಪು ವಕೀಲ. 1960ರ ನವೆಂಬರ್ 14ರಂದು ಎಲ್ಲಾ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು: ಗಡಿ ಎಳೆಯೋ ಅಧಿಕಾರ ರಾಜ್ಯಕ್ಕಿದೆ, ಆದರೆ ಬಣ್ಣ ನೋಡಿ ಮತ ಕಸಿಯೋ ಅಧಿಕಾರ ಇಲ್ಲ. 1961ರಲ್ಲಿ ಹಳೇ ಗಡಿ ಮರಳಿತು. 1964ರಲ್ಲಿ ಇಬ್ಬರು ಕಪ್ಪು ಸದಸ್ಯರು ನಗರಸಭೆಗೆ ಬಂದರು. 1972ರಲ್ಲಿ ಜಾನಿ ಫೋರ್ಡ್ ಮೇಯರ್ ಆದರು.

ನಮ್ಮಲ್ಲಿ 1992ರ 74ನೇ ತಿದ್ದುಪಡಿ ನಗರಸಭೆಗಳಲ್ಲಿ ಪರಿಶಿಷ್ಟರಿಗೆ ಜನಸಂಖ್ಯೆಗೆ ತಕ್ಕ ಸ್ಥಾನ ಮೀಸಲಿಟ್ಟಿದೆ. ಸರಿ. ಆದರೆ ವಾರ್ಡಿನ ಗೆರೆ ಎಳೆಯೋರು ಯಾರು? ಒಂದು ಕೇರಿಯನ್ನು ಎರಡಾಗಿ ಸೀಳಿ ಎರಡು ವಾರ್ಡಿಗೆ ಹಂಚಿದರೆ, ಮೀಸಲಿಲ್ಲದ ವರ್ಷ ಎರಡೂ ಕಡೆ ನಾವು ಲೆಕ್ಕಕ್ಕಿಲ್ಲದವರು. ಇದಕ್ಕೆ ಬೆಂಕಿ ಬೇಡ, ದೊಣ್ಣೆ ಬೇಡ, ಒಂದು ಪೆನ್ಸಿಲ್ ಸಾಕು. ಕರಡು ಪ್ರಕಟಿಸಿ ಆಕ್ಷೇಪಣೆ ಕೇಳ್ತಾರೆ. ಅದು ಕೇರಿಗೆ ತಿಳಿಯೋ ಹೊತ್ತಿಗೆ ಗಡುವು ಮುಗಿದಿರುತ್ತೆ.

ಅಕ್ಷರ ಕಲಿತ ನಾವು ಇನ್ನು ನಕ್ಷೆ ಓದೋದನ್ನೂ ಕಲೀಬೇಕು. ಕರಡು ಬಂದ ದಿನವೇ ಅದನ್ನ ಕೇರಿಯ ಕಟ್ಟೆ ಮೇಲೆ ಹರಡಿ, ನಮ್ಮ ಅವ್ವ-ಅಪ್ಪಂದಿರನ್ನು ಸುತ್ತ ಕೂರಿಸಿ, ಒಂದೊಂದು ಬೀದಿಯ ಮೇಲೂ ಬೆರಳಿಟ್ಟು ಕೇಳಬೇಕು: ಈ ಗೆರೆ ಇಲ್ಲೇ ಯಾಕೆ ತಿರುಗಿತು?