ಬೈಗುಳವಾದ ಊರುಗಳು

ವೀಕ್ಷಕರೇ, ಇವತ್ತು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೇನೆ.

ಕೆಲವು ವರ್ಷಗಳ ಹಿಂದೆ, ರಾತ್ರಿ ಒಂಬತ್ತರ ಚರ್ಚೆ. ವಿಷಯ ಯಾವುದೋ ರಾಜಕೀಯ. ಎದುರು ಕೂತಿದ್ದವರು ತಲೆಬುಡ ಇಲ್ಲದೆ ಮಾತಾಡ್ತಿದ್ದರು. ನಾನು ತಾಳ್ಮೆ ಕಳೆದುಕೊಂಡೆ. "ಸ್ವಾಮಿ, ನಿಮ್ಮನ್ನು ಮೊದಲು ನಿಮ್ಹಾನ್ಸ್‌ಗೆ ಸೇರಿಸಬೇಕು" ಅಂದುಬಿಟ್ಟೆ. ಸ್ಟುಡಿಯೊದಲ್ಲಿ ಎಲ್ಲರೂ ನಕ್ಕರು. ಆ ತುಣುಕು ಮೊಬೈಲಿಂದ ಮೊಬೈಲಿಗೆ ಓಡಾಡಿತು. ನಾನೂ ಒಳಗೊಳಗೇ ಬೀಗಿದೆ.

ಮರುದಿನ ಕಚೇರಿಗೆ ಒಂದು ಫೋನ್ ಬಂತು. ಕಡಬದ ಕಡೆಯ ಒಬ್ಬ ತಾಯಿ.

"ಸರ್, ನೀವು ನಮ್ಮ ಪುತ್ತೂರಿನ ಕಡೆಯವರಂತೆ, ಹೌದಾ?"

"ಹೌದಮ್ಮ."

"ಒಂದು ಮಾತು ಹೇಳ್ಲಿಕ್ಕುಂಟು. ನನ್ನ ಮಗ ಅಲ್ಲಿ ಎರಡು ತಿಂಗಳು ಇದ್ದವ. ಈಗ ಹುಷಾರಿದ್ದಾನೆ, ತೋಟ ನೋಡಿಕೊಳ್ತಾನೆ. ನಿನ್ನೆ ನಿಮ್ಮ ಮಾತು ಕೇಳಿ ಎದ್ದು ಒಳಗೆ ಹೋದ, ಊಟವೇ ಮಾಡ್ಲಿಲ್ಲ. ನಮಗೆ ಮದ್ದು ಕೊಟ್ಟ ಜಾಗವನ್ನು ನೀವು ಬೈಗುಳ ಮಾಡಿದ್ರಲ್ಲ ಸರ್?"

ನಾನು ಕ್ಷಮೆ ಕೇಳಿದೆ. "ಆಯ್ತು ಸರ್, ಇಡ್ತೇನೆ" ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಇವತ್ತಿಗೂ ಆ ಮಾತು ಕಿವಿಯಲ್ಲಿದೆ.

ಆಮೇಲೆ ಯೋಚನೆ ಮಾಡಿದೆ. ಈ ಬೈಗುಳ ನಾನು ಹುಟ್ಟಿಸಿದ್ದಲ್ಲ. ಉತ್ತರ ಕರ್ನಾಟಕದವರು ತಮಾಷೆಗೆ "ಧಾರವಾಡಕ್ಕೆ ಕಳಿಸಬೇಕು ನಿನ್ನ" ಅಂತಾರೆ. ತಮಿಳರಿಗೆ ಕಿಲ್ಪಾಕ್. ತೆಲುಗರಿಗೆ ಎರ್ರಗಡ್ಡ. ಹಿಂದಿಯವರಿಗೆ ಆಗ್ರಾ, ರಾಂಚಿ. ಮಲಯಾಳಿಗಳಿಗೆ ಕುದಿರವಟ್ಟಂ. ಇವೆಲ್ಲ ಜನ ಸಂಸಾರ ಮಾಡಿಕೊಂಡು ಬದುಕುವ ಊರು, ಬಡಾವಣೆಗಳು. ಅಲ್ಲೊಂದು ಮಾನಸಿಕ ಆಸ್ಪತ್ರೆ ಕಟ್ಟಿದ ಒಂದೇ ಕಾರಣಕ್ಕೆ ಊರಿಗೆ ಊರೇ ಬೈಗುಳವಾಯ್ತು. ಇದು ನಮ್ಮ ದೇಶದ ಚಾಳಿ ಮಾತ್ರ ಅಂತ ತಿಳೀಬೇಡಿ. ಇಂಗ್ಲಿಷಿನಲ್ಲಿ ಗದ್ದಲ, ಗೊಂದಲಕ್ಕೆ 'ಬೆಡ್ಲಂ' ಅನ್ನುವ ಮಾತಿದೆ. ಅದು ಬಂದದ್ದು ಲಂಡನ್ನಿನ ಬೆತ್ಲೆಮ್ ಆಸ್ಪತ್ರೆಯ ಹೆಸರಿನಿಂದ.

ಹೃದಯದ ಆಸ್ಪತ್ರೆ ಬೈಗುಳ ಆಗಲಿಲ್ಲ. ಹೆರಿಗೆ ಆಸ್ಪತ್ರೆ ಆಗಲಿಲ್ಲ. ಇದೊಂದೇ ಯಾಕೆ ಆಯ್ತು? ಉತ್ತರ ಆ ಕಟ್ಟಡಗಳ ಚರಿತ್ರೆಯಲ್ಲಿದೆ.

ಬೆಂಗಳೂರಿನಿಂದ ಶುರು ಮಾಡೋಣ. ನಿಮ್ಹಾನ್ಸ್‌ನ ಬೇರು ಇರುವುದು 1847ರಲ್ಲಿ. ಮೈಸೂರು ಸಂಸ್ಥಾನ ಆಗ ಬ್ರಿಟಿಷ್ ಕಮಿಷನರ್ ಆಳ್ವಿಕೆಯಲ್ಲಿತ್ತು. ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ವೈದ್ಯರ ಮುತುವರ್ಜಿಯಿಂದ ಬೆಂಗಳೂರಿನ ಪೇಟೆ ಭಾಗದಲ್ಲಿ 'ಲುನಾಟಿಕ್ ಅಸೈಲಂ' ಶುರುವಾಯ್ತು. ಜನ ಅದನ್ನು 'ಹುಚ್ಚಾಸ್ಪತ್ರೆ' ಅಂದರು. ಧಾರವಾಡದ ಆಸ್ಪತ್ರೆಯದ್ದೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಇವತ್ತು ಅದು ಡಿಮ್ಹಾನ್ಸ್.

ಹಾಗಾದರೆ ಪುತ್ತೂರು, ಸುಳ್ಯ, ಕಡಬದ ಜನ ಎಲ್ಲಿಗೆ ಹೋಗಬೇಕಿತ್ತು? ಬೆಂಗಳೂರಿಗೆ ಅಲ್ಲವೇ ಅಲ್ಲ. ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಇದ್ದದ್ದು ಮದ್ರಾಸಿನ ಆಡಳಿತದಲ್ಲಿ. ಆ ಕಾಲದ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಸರ್ಕಾರಿ ಅಸೈಲಂ ಇದ್ದದ್ದು ಮೂರು ಕಡೆ. ಮದ್ರಾಸಿನ ಕಿಲ್ಪಾಕ್, ಆಂಧ್ರದ ಕಡೆ ವಿಶಾಖಪಟ್ಟಣ, ನಮ್ಮ ಪಶ್ಚಿಮ ಕರಾವಳಿಗೆ ಕಲ್ಲಿಕೋಟೆಯ ಕುದಿರವಟ್ಟಂ. ಅದು ಶುರುವಾದದ್ದು 1872ರಲ್ಲಿ. ಅಂದರೆ ಸುಳ್ಯದ ಒಬ್ಬ ರೋಗಿಗೆ ಹತ್ತಿರದ ಸರ್ಕಾರಿ ಮಾನಸಿಕ ಆಸ್ಪತ್ರೆ ಭಾಷೆ ಗೊತ್ತಿಲ್ಲದ ಊರಿನಲ್ಲಿ, ಬಹಳ ದೂರ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಅದಕ್ಕೂ ಮೊದಲಿನ ಪ್ರಯಾಣವನ್ನು ನೀವೇ ಊಹಿಸಿ.

ದೂರ ಹೋಗಲಿ, ಒಳಗೆ ಸೇರುವ ದಾರಿ ಯಾವುದು ಗೊತ್ತಾ? 1858ರಲ್ಲಿ ಬ್ರಿಟಿಷರು ಅಸೈಲಂ ಕಾಯ್ದೆ ತಂದರು. 1912ರಲ್ಲಿ ಲುನಾಸಿ ಕಾಯ್ದೆ ಬಂತು. ಬೀದಿಯಲ್ಲಿ ಅಲೆಯುವವರನ್ನು ಪೊಲೀಸರು ಹಿಡಿಯಬೇಕು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಅವರ ಆದೇಶದ ಮೇಲೆ ಒಳಗೆ ಕಳಿಸಬೇಕು. ಜ್ವರ ಬಂದವನಿಗೆ ಡಾಕ್ಟರ ಚೀಟಿ ಸಾಕು. ಮನಸ್ಸು ಕೆಟ್ಟವನಿಗೆ ಕೋರ್ಟಿನ ಆದೇಶ! ಕಾನ್‌ಸ್ಟೇಬಲ್ ಕರೆದುಕೊಂಡು ಹೋಗುವ ಜಾಗಕ್ಕೆ ಎತ್ತರದ ಗೋಡೆ, ಕಬ್ಬಿಣದ ಗೇಟು, ಹೊರಗಿನಿಂದ ಬೀಗ. ನೋಡಿದವರಿಗೆ ಆಸ್ಪತ್ರೆ ಅನ್ನಿಸೀತಾ? ಜೈಲು ಅಂತಲೇ ಅನ್ನಿಸಬೇಕು.

ಇನ್ನೊಂದು ಕಾರಣ ಉಂಟು. ಮದ್ದೇ ಇರಲಿಲ್ಲ. ತೀವ್ರ ಮನೋರೋಗಕ್ಕೆ ನಿಜವಾಗಿ ಕೆಲಸ ಮಾಡುವ ಮೊದಲ ಔಷಧ, ಕ್ಲೋರ್‌ಪ್ರೊಮಝಿನ್, ಬಳಕೆಗೆ ಬಂದದ್ದು 1950ರ ದಶಕದಲ್ಲಿ. ಅದಕ್ಕೂ ಮೊದಲು ಒಳಗೆ ಹೋದವರಲ್ಲಿ ಎಷ್ಟೋ ಜನ ಅಲ್ಲೇ ಮುದುಕರಾದರು, ಅಲ್ಲೇ ತೀರಿಕೊಂಡರು. ಹೋದವರು ತಿರುಗಿ ಬರದ ಜಾಗಕ್ಕೆ ಒಳ್ಳೆಯ ಹೆಸರು ಎಲ್ಲಿಂದ ಬರಬೇಕು?

ಊರಿನವರನ್ನು ದೂರುವುದು ಸುಲಭ. "ಮಂತ್ರವಾದಿ ಹತ್ತಿರ ಹೋದರು, ದೈವದ ಹತ್ತಿರ ಹೇಳಿಕೊಂಡರು, ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದರು, ಡಾಕ್ಟರ ಹತ್ತಿರ ಹೋಗಲಿಲ್ಲ" ಅಂತ ನಾವು ಟಿವಿಯಲ್ಲಿ ಕೂತು ಬಾಯಿಗೆ ಬಂದಂತೆ ಹೇಳ್ತೇವೆ. ಆದರೆ ನೋಡಿ, ಒಂದು ಕಡೆ ಮನೆಯ ಅಂಗಳದಲ್ಲೇ ಸಮಾಧಾನ ಹೇಳುವ ದೈವ. ಇನ್ನೊಂದು ಕಡೆ ಪೊಲೀಸು, ಮ್ಯಾಜಿಸ್ಟ್ರೇಟು, ಕಲ್ಲಿಕೋಟೆ. ಆ ತಾಯಿ ಯಾವುದನ್ನು ಆರಿಸಬೇಕಿತ್ತು?

ಇನ್ನು ಕಟ್ಟಡ ಬದಲಾದ ಕತೆಗೆ ಬರೋಣ. ಮೈಸೂರು ಸರ್ಕಾರ 1925ರಲ್ಲಿ ಅಸೈಲಂ ಅನ್ನುವ ಹೆಸರು ತೆಗೆದು 'ಮೆಂಟಲ್ ಹಾಸ್ಪಿಟಲ್' ಅಂತ ಮಾಡಿತು. ಹೆಸರು ಬದಲಾದರೆ ಸಾಲದು, ಗೋಡೆಯೂ ಬದಲಾಗಬೇಕು ಅಂತ ಅರ್ಥ ಮಾಡಿಕೊಂಡವರು ಆಸ್ಪತ್ರೆಯ ಮುಖ್ಯಸ್ಥ ಡಾ. ಫ್ರಾಂಕ್ ನೊರೊನ್ಹಾ. ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲದಲ್ಲಿ, 1930ರ ದಶಕದ ಕೊನೆಯ ಹೊತ್ತಿಗೆ, ಪೇಟೆಯ ಇಕ್ಕಟ್ಟು ಬಿಟ್ಟು ಆಸ್ಪತ್ರೆ ಲಕ್ಕಸಂದ್ರದ ಬಯಲಿಗೆ ಬಂತು. ಗಾಳಿ, ಬೆಳಕು, ಗಿಡಮರ. ರೋಗಿಗಳು ಓಡಾಡುವಷ್ಟು ಜಾಗ. ಆಮೇಲೆ ಡಾ. ಎಂ. ವಿ. ಗೋವಿಂದಸ್ವಾಮಿ ಅದನ್ನು ಕಲಿಸುವ, ಸಂಶೋಧನೆ ಮಾಡುವ ಸಂಸ್ಥೆಯಾಗಿ ಬೆಳೆಸಿದರು. 1954ರಲ್ಲಿ ಆಸ್ಪತ್ರೆಯ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರ ಡಿಸೆಂಬರ್‌ನಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯ್ತು.

ಹೊಸೂರು ರಸ್ತೆಯಲ್ಲಿ ಹೋಗುವಾಗ ಎಡಬಲ ನೋಡಿ. ಅದೇ ಆವರಣದಲ್ಲಿ ಇವತ್ತು ತರಗತಿಗಳಿವೆ, ಪ್ರಯೋಗಾಲಯಗಳಿವೆ, ಸಾವಿರಾರು ಜನ ಸೇರುವ ಸಮ್ಮೇಳನ ಭವನ ಇದೆ. ಮನುಷ್ಯರ ಮಿದುಳುಗಳನ್ನು ಇಟ್ಟ ಮ್ಯೂಸಿಯಂ ನೋಡಲು ಶಾಲೆಯ ಮಕ್ಕಳು ಬರ್ತಾರೆ. ಹಳೆಯ ದಾಖಲೆ, ಹಳೆಯ ಉಪಕರಣಗಳನ್ನೂ ಜೋಪಾನ ಮಾಡಿದ್ದಾರೆ. ವಾರ್ಡುಗಳಲ್ಲಿ ರೋಗಿಯ ಪಕ್ಕ ಮನೆಯವರು ಇರ್ತಾರೆ. ಇದು ಸಣ್ಣ ಬದಲಾವಣೆ ಅಲ್ಲ. 1950ರ ದಶಕದಲ್ಲಿ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದಲ್ಲೇ ಡೇರೆ ಹಾಕಿ ಉಳಿಸಿಕೊಂಡರು. ಮನೆಯವರು ಒಳಗೆ ಬಂದ ದಿನ ಅರ್ಧ ಬೀಗ ತೆರೆದ ಹಾಗೆ.

ಹಾಗಂತ ಎಲ್ಲ ಕಡೆ ಬೀಗ ತೆರೆಯಲಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕಾಗಿ ನಿಮ್ಹಾನ್ಸ್‌ನವರೇ ದೇಶದ ಮಾನಸಿಕ ಆಸ್ಪತ್ರೆಗಳನ್ನು ಸುತ್ತಿ 1999ರಲ್ಲಿ ವರದಿ ಕೊಟ್ಟರು. ಎಷ್ಟೋ ಆಸ್ಪತ್ರೆಗಳು ಆಗಲೂ ಜೈಲಿನಂತೆಯೇ ಇದ್ದವು. ಎರಡೇ ವರ್ಷಕ್ಕೆ, 2001ರ ಆಗಸ್ಟ್ 6ರಂದು, ತಮಿಳುನಾಡಿನ ಏರ್ವಾಡಿಯ ಒಂದು ಖಾಸಗಿ ಆಶ್ರಯದಲ್ಲಿ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ ಜನ ಓಡಲಾಗದೆ ಸತ್ತರು. ಸತ್ತವರು 28 ಮಂದಿ. ಆಸ್ಪತ್ರೆಯ ಹೆಸರಿಗೆ ಹೆದರಿ ಮನೆಯವರು ಬೇರೆ ಕಡೆ ಬಿಟ್ಟು ಬಂದರೆ ಏನಾಗಬಹುದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹಳೆಯ ಕಟ್ಟಡಗಳನ್ನು ಜಗತ್ತು ಏನು ಮಾಡ್ತು ಅಂತ ನೋಡಿ. ಆ ಬೆತ್ಲೆಮ್ ಆಸ್ಪತ್ರೆ ಇದ್ದ ಲಂಡನ್ನಿನ ಒಂದು ಕಟ್ಟಡ 1936ರಿಂದ ಯುದ್ಧದ ಮ್ಯೂಸಿಯಂ. ಅದೇ ಲಂಡನ್ನಿನಲ್ಲಿ 1851ರಲ್ಲಿ ಕಟ್ಟಿದ ಕಾಲ್ನಿ ಹ್ಯಾಚ್ ಆಸ್ಪತ್ರೆ 1993ರಲ್ಲಿ ಮುಚ್ಚಿತು. ಈಗ ಅದು ದುಬಾರಿ ಫ್ಲ್ಯಾಟುಗಳ ಸಮುಚ್ಚಯ, ಹೆಸರು ಪ್ರಿನ್ಸೆಸ್ ಪಾರ್ಕ್ ಮ್ಯಾನರ್. ಗೋಡೆ ಉಳೀತು, ಹೆಸರು ಅಳಿಸಿಹೋಯ್ತು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಿಲ್ಲರ್ಡ್ ಆಸ್ಪತ್ರೆ 1995ರಲ್ಲಿ ಮುಚ್ಚಿದಾಗ ಅಟ್ಟದ ಮೇಲೆ 400ಕ್ಕೂ ಹೆಚ್ಚು ಸೂಟ್‌ಕೇಸ್ ಸಿಕ್ಕವು. ರೋಗಿಗಳು ಒಳಗೆ ಬರುವಾಗ ತಂದ ಪೆಟ್ಟಿಗೆಗಳು. ಬಟ್ಟೆ, ಫೋಟೊ, ಕಾಗದ. "ಮನೆಗೆ ಹೋಗುವಾಗ ತೆಗೆದುಕೊಂಡರಾಯ್ತು" ಅಂತ ಇಟ್ಟದ್ದು, ಇಟ್ಟಲ್ಲೇ ಉಳೀತು.

ನನಗೆ ಹಿಡಿಸಿದ್ದು ಇಟಲಿಯ ಟ್ರಿಯೆಸ್ಟೆ ಊರಿನ ದಾರಿ. ಅಲ್ಲಿ ಫ್ರಾಂಕೊ ಬಸಾಲಿಯಾ ಎಂಬ ವೈದ್ಯರು 1970ರ ದಶಕದಲ್ಲಿ ಆಸ್ಪತ್ರೆಯ ಬಾಗಿಲು ತೆರೆದರು. 1973ರಲ್ಲಿ ರೋಗಿಗಳು, ಕಲಾವಿದರು ಸೇರಿ ದೊಡ್ಡದೊಂದು ನೀಲಿ ಕುದುರೆ ಮಾಡಿದರು. ಮೆರವಣಿಗೆಯಲ್ಲಿ ಊರಿಗೆ ಒಯ್ಯಬೇಕು ಅಂದರೆ ಕುದುರೆ ಗೇಟಿನಲ್ಲಿ ಹಿಡಿಸಲಿಲ್ಲ. ಕುದುರೆಯನ್ನು ಕತ್ತರಿಸಲಿಲ್ಲ, ಗೇಟನ್ನೇ ಒಡೆದು ದಾಟಿಸಿದರು! 1978ರಲ್ಲಿ ಇಟಲಿ ಕಾನೂನು ಮಾಡಿ ಇಂಥ ಆಸ್ಪತ್ರೆಗಳನ್ನು ಮುಚ್ಚುವ ದಾರಿ ಹಿಡಿಯಿತು. ಇವತ್ತು ಆ ಆವರಣದಲ್ಲಿ ಗುಲಾಬಿ ತೋಟ ಇದೆ, ವಿಶ್ವವಿದ್ಯಾಲಯದ ವಿಭಾಗಗಳಿವೆ, ಆರೋಗ್ಯ ಸೇವೆಯೂ ಇದೆ. ಊರಿನವರು ಸಂಜೆ ಅಲ್ಲಿ ವಾಕಿಂಗ್ ಹೋಗ್ತಾರೆ. ಇಲ್ಲಿ ಮೊದಲು ಏನಿತ್ತು ಅನ್ನೋದನ್ನು ಮುಚ್ಚಿಡಲಿಲ್ಲ.

ನಮ್ಮ ಪುತ್ತೂರಿಗೆ ಇದು ಅರ್ಥವಾಗದ ವಿಷಯ ಅಲ್ಲ. ಬಾಲವನದಲ್ಲಿ ಶಿವರಾಮ ಕಾರಂತರ ಮನೆಯನ್ನು ನಾವು ಉಳಿಸಿಕೊಂಡಿದ್ದೇವೆ. ಗೋಡೆಗೆ ನೆನಪಿರ್ತದೆ ಅಂತ ನಂಬಿದ್ದಕ್ಕೇ ಅಲ್ವಾ? ಹಾಗಿದ್ದರೆ ನೋವು ಉಂಡವರ ಗೋಡೆಗೂ ನೆನಪು ಇರಲೇಬೇಕಲ್ಲ. ಧಾರವಾಡದಲ್ಲಾಗಲಿ ಬೆಂಗಳೂರಿನಲ್ಲಾಗಲಿ ಹಳೆಯ ವಾರ್ಡು ತರಗತಿಯಾಗಲಿ, ಗ್ರಂಥಾಲಯವಾಗಲಿ, ಸಂತೋಷ. ಆದರೆ ಬಾಗಿಲ ಪಕ್ಕ ಒಂದು ಫಲಕ ಇರಲಿ: ಇಲ್ಲಿ ಇಂಥ ವರ್ಷದಿಂದ ಇಂಥ ವರ್ಷದವರೆಗೆ ಮನಸ್ಸು ನೊಂದವರು ಇದ್ದರು ಅಂತ. ರೋಗಿಯ ಹೆಸರು ಬೇಡ, ಅದು ಅವರ ಮನೆಯ ಗುಟ್ಟು. ಅವರು ಇದ್ದರು ಅನ್ನೋದು ಗುಟ್ಟಾಗಬಾರದು.

1956ರ ನವೆಂಬರ್ 1ಕ್ಕೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಲ್ಲಿಕೋಟೆ ಬೇರೆ ರಾಜ್ಯವಾಯ್ತು, ನಮ್ಮ ದಾರಿ ಬೆಂಗಳೂರಿನ ಕಡೆ ತಿರುಗಿತು. ಸುಳ್ಯದವರು ಸಂಪಾಜೆ ಹತ್ತಿದರು, ಕಡಬ, ಪುತ್ತೂರಿನವರು ಗುಂಡ್ಯ ದಾಟಿ ಶಿರಾಡಿ ಹತ್ತಿದರು. ನಾನು ಸಣ್ಣವನಿದ್ದಾಗ ನೆರೆಮನೆಯ ಒಬ್ಬರು ಕೆಲವು ತಿಂಗಳು ಕಾಣಲಿಲ್ಲ. "ಎಲ್ಲಿ ಹೋದರು ದೊಡ್ಡಮ್ಮ?" ಅಂತ ಕೇಳಿದ್ದಕ್ಕೆ "ಬೆಂಗಳೂರಿಗೆ" ಅಂದರು, ದನಿ ತಗ್ಗಿಸಿ. ಬೆಂಗಳೂರಿಗೆ ಓದಲಿಕ್ಕೆ ಹೋದವರ ಸುದ್ದಿಯನ್ನು ಯಾರೂ ದನಿ ತಗ್ಗಿಸಿ ಹೇಳ್ತಿರಲಿಲ್ಲ. ಆ ತಗ್ಗಿದ ದನಿಯಲ್ಲಿ ಕುದಿರವಟ್ಟಂನ ಗೇಟಿತ್ತು, ಪೇಟೆಯ ಹಳೆಯ ಬೀಗ ಇತ್ತು. ಕಟ್ಟಡ ಬದಲಾಗಿತ್ತು, ಹೆದರಿಕೆ ಹಾಗೇ ಇತ್ತು.

ಇವತ್ತು ಅಷ್ಟು ದೂರ ಹೋಗಲೇಬೇಕು ಅಂತ ಇಲ್ಲ. ಮಂಗಳೂರಿನ ವೆನ್‌ಲಾಕ್‌ನಲ್ಲಿ, ಮೆಡಿಕಲ್ ಕಾಲೇಜುಗಳಲ್ಲಿ ಮನೋರೋಗ ವಿಭಾಗ ಇದೆ. ಸುಳ್ಯದಲ್ಲೇ ಮೆಡಿಕಲ್ ಕಾಲೇಜು ಇದೆ. ಮನೋವೈದ್ಯರು ತಾಲೂಕು ಆಸ್ಪತ್ರೆಗೇ ಬಂದು ಮಂಗಳವಾರ ನೋಡುವ 'ಮನೋಚೈತನ್ಯ' ಕಾರ್ಯಕ್ರಮ ನಮ್ಮ ರಾಜ್ಯದ್ದು. 14416ಕ್ಕೆ ಫೋನ್ ಮಾಡಿದರೆ ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಎಲ್ಲರ ಹಾಗೆ ಊರಿನ ನಡುವೆ ಬದುಕುವ ಹಕ್ಕನ್ನೂ ಕೊಟ್ಟಿದೆ.

ಕಾನೂನು ಬೀಗ ತೆಗೀತು. ಮಾತಿನ ಬೀಗ ತೆಗೆಯುವವರು ಯಾರು? ಮೈಕು ಹಿಡಿದು ಕೂತ ನನ್ನಂಥವರೇ ಮೊದಲು ತೆಗೆಯಬೇಕು. ಆ ಫೋನ್ ಬಂದ ಮೇಲೆ ನಾನು ಚರ್ಚೆಯಲ್ಲಿ ಸಿಟ್ಟು ಮಾಡಿದ್ದೇನೆ, ಜಗಳ ಆಡಿದ್ದೇನೆ, ಕೂಗಾಡಿದ್ದೇನೆ. ಆದರೆ ಯಾರನ್ನೂ ಆ ಆಸ್ಪತ್ರೆಗೆ 'ಕಳಿಸಿಲ್ಲ'.

ಕಡಬದ ಆ ಅಮ್ಮ ಈ ಪುಟ ಓದುತ್ತಾರೋ ಇಲ್ಲವೋ. ಓದಿದರೆ ಮಗನಿಗೆ ಹೇಳಲಿ: ನೀನು ಹೋಗಿದ್ದು ಆಸ್ಪತ್ರೆಗೆ, ಮದ್ದು ತಗೊಂಡೆ, ಮನೆಗೆ ಬಂದೆ. ನಾಚಿಕೆ ಪಡಬೇಕಾದದ್ದು ಅವತ್ತು ಸ್ಟುಡಿಯೊದಲ್ಲಿ ನಕ್ಕವರು.