ಮೇಲಿನ ಗೋಪುರ

ಮುಂಗಾರು ಹಿಡಿದರೆ ಕಳಸದಲ್ಲಿ ಬಣ್ಣ ಒಣಗುವುದಿಲ್ಲ. ಅದಕ್ಕೇ ಚಿಕ್ಕಪ್ಪನ ಮಗ ಬಚ್ಚಲೊಲೆಯ ಪಕ್ಕದಲ್ಲಿ ಮಣೆ ಹಾಕಿಕೊಂಡು ತನ್ನ ಇಟಾಲಿಯನ್ ಕಾರನ್ನು ಜೋಡಿಸುತ್ತಿದ್ದ. ಉಕ್ಕಿನ ಕವಚದ ಲಾನ್ಸಿಯಾ, 1:35 ಅಳತೆ. ಐದೂವರೆ ಮೀಟರಿನಷ್ಟು ಉದ್ದದ ಗಾಡಿ ಅವನ ಮಣೆಯ ಮೇಲೆ ಒಂದು ಗೇಣು.

ಪ್ರಬಂಧದ ಮೂರನೇ ಅಧ್ಯಾಯ ತಿದ್ದಲೆಂದು ನಾನು ಊರಿಗೆ ಬಂದಿದ್ದೆ. "ಅಕ್ಕ, ನೀನು ಹಿಸ್ಟರಿಯವಳಲ್ವಾ, ಈ ಮೇಲಿನ ಗೋಪುರ ಇಡ್ಲಾ ಬೇಡ್ವಾ?" ಎಂದ.

ಇಟಲಿ ಮೊದಲನೇ ಮಹಾಯುದ್ಧಕ್ಕೆ ಇಳಿದದ್ದು 1915ರಲ್ಲಿ. ಲಾನ್ಸಿಯಾ ಲಾರಿಯ ಚಾಸಿಯ ಮೇಲೆ ಅನ್ಸಾಲ್ಡೊ ಕಂಪನಿ ಕವಚ ಕೂರಿಸಿತು. ಮೊದಲ ಗಾಡಿಗಳಲ್ಲಿ ತಿರುಗುವ ಗೋಪುರ ಎರಡಂತಸ್ತಿನದು: ಕೆಳಗೆ ಎರಡು ಮೆಷಿನ್ ಗನ್, ಅದರ ತಲೆಯ ಮೇಲೆ ಪುಟ್ಟ ಗೋಪುರದಲ್ಲಿ ಇನ್ನೊಂದು. ಆಮೇಲಿನ 1ಝಡ್‌ಎಂ ಮಾದರಿಯಲ್ಲಿ ಆ ಪುಟ್ಟದ್ದು ಹೋಯಿತು, ಮೂರನೇ ಗನ್ನು ಹಿಂಭಾಗಕ್ಕೆ ಬಂತು. ಮುಳ್ಳುತಂತಿ ಕತ್ತರಿಸಲು ಬಾನೆಟ್ಟಿನಿಂದ ಗೋಪುರದವರೆಗೆ ಏರುವ ಜೋಡಿ ಕಂಬಿ ಮಾತ್ರ ಎರಡರಲ್ಲೂ ಇದೆ. ಹಾಗಾಗಿ ಕಣ್ಣು ಸುಲಭವಾಗಿ ಮೋಸಹೋಗುತ್ತದೆ.

ಹುಡುಗನ ಆಸೆ ಬೇರೆ. ಎರಡಂತಸ್ತೂ ಬೇಕು, ಆಫ್ರಿಕಾದ ಮರಳು ಬಣ್ಣವೂ ಬೇಕು, ಇಸವಿ 1941 ಆಗಬೇಕು. 1941 ಯಾಕೆಂದರೆ, ಆ ಮಾರ್ಚ್‌ನಲ್ಲಿ ಎರಿಟ್ರಿಯಾದ ಕೆರೆನ್ ಬೆಟ್ಟಗಳಲ್ಲಿ ಇಟಲಿಯ ಸೈನ್ಯವನ್ನು ಮಣಿಸಿದ್ದು ಭಾರತದ 4 ಮತ್ತು 5ನೇ ಡಿವಿಜನ್ನುಗಳು. ಆ ಯುದ್ಧದಲ್ಲಿ ಸೆರೆಸಿಕ್ಕ ಇಟಾಲಿಯನ್ನರಲ್ಲಿ ಎಷ್ಟೋ ಮಂದಿ ಬೆಂಗಳೂರಿನ ಶಿಬಿರಗಳಲ್ಲಿದ್ದರು. ಲಾನ್ಸಿಯಾಗಳು ಪೂರ್ವ ಆಫ್ರಿಕಾದಲ್ಲಿ ಆಗಲೂ ಇದ್ದವು ನಿಜ. ಆದರೆ ಇದ್ದದ್ದು 1ಝಡ್‌ಎಂ.

"ಮೇಲಿಂದು ತೆಗೆದ್ರೆ ಬೋಳು ಕಾಣುತ್ತೆ," ಎಂದು ಗೊಣಗಿದ.

ಬಣ್ಣದ ಪ್ರಶ್ನೆ ಇನ್ನೂ ತೊಡಕಿನದು. ಆಗಿನ ಬಹುಪಾಲು ಫಿಲ್ಮಿಗೆ ಕೆಂಪು ಬೆಳಕು ತಾಕುತ್ತಲೇ ಇರಲಿಲ್ಲ. ಕೆಂಪು ಪಟ್ಟಿ ಚಿತ್ರದಲ್ಲಿ ಕಪ್ಪಾಗುತ್ತದೆ, ನೀಲಿ ಬೆಳ್ಳಗಾಗುತ್ತದೆ. ಫೋಟೊ ನೋಡಿ ರಿವೆಟ್ ಎಣಿಸಬಹುದು, ಬಣ್ಣ ಹೇಳಲಾಗದು. ಅದಕ್ಕೆ ಕಾಗದಪತ್ರವೇ ಬೇಕು.

ಇಷ್ಟೆಲ್ಲ ಬೋಧಿಸಿ ಎದ್ದವಳು ರಾತ್ರಿ ನನ್ನ ಅಧ್ಯಾಯವನ್ನು ಅಪ್ಪನಿಗೆ ಓದಿ ಹೇಳಿದೆ. 1930ರ ದಶಕದ ಕಾಫಿ ತೋಟದ ಒಂದು ದಿನ: ಲೈನ್ ಮನೆ, ಮೇಸ್ತ್ರಿಯ ಕೂಗು, ಎಸ್.795 ಗಿಡಗಳ ಸಾಲು. ಅಪ್ಪ ಅಲ್ಲಿಗೇ ತಡೆದರು. "ಎಸ್.795 ಬಾಳೆಹೊನ್ನೂರಿಂದ ತೋಟಕ್ಕೆ ಬಂದಿದ್ದು ನಲವತ್ತರ ದಶಕದಲ್ಲಿ. ಯಾರ ತೋಟದ್ದಮ್ಮ ಇದು?"

ಯಾರದ್ದೂ ಅಲ್ಲ. ಬೇರೆ ಬೇರೆ ವರ್ಷದ ದಾಖಲೆಗಳಿಂದ ಚೆಂದ ಕಂಡದ್ದನ್ನೆಲ್ಲ ಆರಿಸಿ ನಾನೇ ಜೋಡಿಸಿದ್ದ ತೋಟ ಅದು. ನನ್ನ ಎರಡಂತಸ್ತು. ಗಿಡದ ಹೆಸರೊಂದನ್ನು ಬದಲಿಸಿದರೆ ಮುಗಿಯುತ್ತಿರಲಿಲ್ಲ; ಕೂಲಿಯ ಲೆಕ್ಕವೂ ಅದೇ ಪುಟದಲ್ಲಿತ್ತು, ಅದು ಯಾವ ಇಸವಿಯದೆಂದು ಮತ್ತೆ ನೋಡಬೇಕಿತ್ತು. ಹನ್ನೊಂದು ಪುಟ ಹೊಡೆದುಹಾಕಿದೆ.

ಬೆಳಿಗ್ಗೆ ನೋಡಿದರೆ ಲಾನ್ಸಿಯಾ ಬೋಳಾಗಿಯೇ ಒಲೆಯ ಬಳಿ ಒಣಗುತ್ತಿತ್ತು. ಪುಟ್ಟ ಗೋಪುರವನ್ನು ಅವನು ಕಾಫಿಪುಡಿಯ ಡಬ್ಬಿಯಲ್ಲಿ ಎತ್ತಿಟ್ಟಿದ್ದ. ಇನ್ನೊಂದು ಕಿಟ್ ತರಿಸಿ 1915ರದ್ದನ್ನೂ ಮಾಡುತ್ತಾನಂತೆ.